ಮೂವರು ಅಕ್ಕತಂಗಿಯರ ಊರಿಗೆ ಒಂದು ಭಾನುವಾರ

ಆಫೀಸಿನ ಪ್ರಾಜೆಕ್ಟ್ ಅಂತ ಮಿನಿಯಾಪೊಲಿಸ್‌ಗೆ ಬಂದಿಳಿಯುವ ನಮ್ಮ ಕಡೆಯವರ ವೀಕೆಂಡ್ ಪಟ್ಟಿ ಹೆಚ್ಚುಕಡಿಮೆ ಒಂದೇ. ಮಾಲ್ ಆಫ್ ಅಮೆರಿಕ, ಮಿನ್ನೆಹಾಹಾ ಜಲಪಾತ, ಮೇಪಲ್ ಗ್ರೋವ್‌ನ ಹಿಂದೂ ದೇವಸ್ಥಾನ. ಮೌಂಡ್ ಅನ್ನೋ ಊರು ಅದರಲ್ಲಿ ಇರೋದಿಲ್ಲ. ಪಶ್ಚಿಮಕ್ಕೆ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಸಾಕು, ಮಿನ್ನೆಟೋಂಕ ಸರೋವರದ ದಡದಲ್ಲಿ ಸಿಗುತ್ತೆ. ಮಕ್ಕಳು ಎಳೆದಾಡುವ ಟೋಂಕಾ ಆಟಿಕೆ ಲಾರಿಗಳು ಹುಟ್ಟಿದ್ದು ಇಲ್ಲೇ. ನಾನು ಹೋಗಿದ್ದು ಮಾತ್ರ ಹಾಡುಗಳ ಜಾಡು ಹಿಡಿದು.

ಆಂಡ್ರ್ಯೂಸ್ ಸಿಸ್ಟರ್ಸ್ ಹೆಸರು ನಿಮಗೆ ಹೊಸದಿರಬಹುದು. ‘ಬೂಗಿ ವೂಗಿ ಬ್ಯೂಗಲ್ ಬಾಯ್’ ಹಾಡನ್ನಂತೂ ಯಾವುದಾದರೂ ಸಿನಿಮಾದಲ್ಲೋ ರೀಲ್‌ನಲ್ಲೋ ಕೇಳಿರ್ತೀರಿ. ಲವರ್ನ್, ಮ್ಯಾಕ್ಸೀನ್, ಪ್ಯಾಟಿ ಮೂವರು. ಅಪ್ಪ ಗ್ರೀಸ್‌ನಿಂದ ವಲಸೆ ಬಂದವರು, ಮಿನಿಯಾಪೊಲಿಸ್‌ನಲ್ಲಿ ಹೋಟೆಲು ನಡೆಸುತ್ತಿದ್ದರು. ಅಮ್ಮ ನಾರ್ವೆ ಮೂಲದವರು. ಸೋದರಮಾವಂದಿರಾದ ಪೀಟ್ ಮತ್ತು ಎಡ್ ಮೌಂಡ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಬೇಸಿಗೆ ರಜೆ ಬಂತೆಂದರೆ ಅಜ್ಜಿ ಮನೆಗೆ ಹೊರಡುವ ನಮ್ಮ ಹಾಗೇ ಈ ಹುಡುಗಿಯರೂ ಇಲ್ಲಿಗೆ ಬರ್ತಿದ್ದರು. ಚಿಕ್ಕ ವಯಸ್ಸಿಗೇ ನಾಟಕ ಕಂಪನಿ ಜೊತೆ ಊರೂರು ಸುತ್ತಲು ಶುರುಮಾಡಿದ ಮೇಲೂ ಬೇಸಿಗೆಗೆ ಇಲ್ಲಿಗೇ.

ಊರು ಸಣ್ಣದು. ನೀರು, ದೋಣಿ, ಸೈಕಲ್ ತುಳಿಯುವವರು. ಅವರ ಹೆಸರಿನಲ್ಲೊಂದು ಕಾಲುದಾರಿ ಇದೆ. ಇಯರ್‌ಫೋನ್ ಹಾಕಿಕೊಂಡು ಅದರಲ್ಲಿ ನಡೆದೆ.

ಈ ಹಾಡುಗಾರಿಕೆ ನಮ್ಮ ಕಿವಿಗೆ ಯಾಕೆ ಬೇರೆ ಅನಿಸುತ್ತೆ? ರುದ್ರಪಟ್ಟಣಂ ಸಹೋದರರು ಒಟ್ಟಿಗೆ ಹಾಡುವಾಗ ಇಬ್ಬರದ್ದೂ ಒಂದೇ ಸ್ವರ, ಇಲ್ಲವೇ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ತಾರೆ. ಇಲ್ಲಿ ಹಾಗಲ್ಲ. ಒಬ್ಬಳು ಷಡ್ಜದಲ್ಲಿದ್ದರೆ ಇನ್ನೊಬ್ಬಳು ಗಾಂಧಾರದಲ್ಲಿ, ಮತ್ತೊಬ್ಬಳು ಪಂಚಮದಲ್ಲಿ, ಅದೇ ಕ್ಷಣಕ್ಕೆ ಅದೇ ಅಕ್ಷರ. ಮೂರೂ ಒಂದೇ ಸ್ಥಾಯಿಯೊಳಗೆ ಹತ್ತಿರ ಹತ್ತಿರ ಇಟ್ಟ ಸ್ವರಗಳು, ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಮೇಲಿನದು ಮ್ಯಾಕ್ಸೀನ್, ನಡುವೆ ಮುಖ್ಯ ರಾಗ ಹಿಡಿದವಳು ಪ್ಯಾಟಿ, ತಳದಲ್ಲಿ ಲವರ್ನ್. ಉಸಿರು ಕೂಡ ಒಟ್ಟಿಗೇ ತಗೋಬೇಕು. ನ್ಯೂ ಆರ್ಲಿಯನ್ಸ್‌ನ ಬಾಸ್ವೆಲ್ ಸಿಸ್ಟರ್ಸ್ ಹಾಡಿದ್ದನ್ನು ಅನುಕರಿಸಿ ಅನುಕರಿಸಿಯೇ ಇವರು ಕಲಿತಿದ್ದು.

1937ರಲ್ಲಿ ಹೆಸರು ತಂದುಕೊಟ್ಟಿದ್ದು ‘ಬೈ ಮಿರ್ ಬಿಸ್ತ್ ದು ಶೇನ್’. ಮೂಲತಃ ಯಿಡ್ಡಿಷ್ ರಂಗಗೀತೆ. ರಾಗ ಹಾಕಿದ ಶೋಲಮ್ ಸೆಕುಂಡಾ ಅದರ ಹಕ್ಕನ್ನು ಬರೀ 30 ಡಾಲರಿಗೆ ಮಾರಿಬಿಟ್ಟಿದ್ದರು, ಅದರಲ್ಲೂ ಗೀತಕಾರನಿಗೆ ಪಾಲು! 1945ರ ‘ರಮ್ ಅಂಡ್ ಕೋಕಾಕೋಲಾ’ದ್ದೂ ಇಂಥದ್ದೇ ಕಥೆ. ಟ್ರಿನಿಡಾಡ್‌ನ ಹಾಡು ಅಮೆರಿಕದವರ ಹೆಸರಿನಲ್ಲಿ ಬಂದು, ಮೂಲದವರು ಕೋರ್ಟಿಗೆ ಹೋಗಿ ಗೆಲ್ಲಬೇಕಾಯ್ತು. ಹಾಡಿದವರದ್ದು ತಪ್ಪು ಅನ್ನಲಾರೆ, ಆದರೆ ಕೇಳುವಾಗ ಅದು ನೆನಪಾಗದೇ ಇರೋದಿಲ್ಲ.

ಆಮೇಲೆ ಯುದ್ಧ. ‘ಬ್ಯೂಗಲ್ ಬಾಯ್’ 1941ರ ಆರಂಭದ್ದು. ಆಗಿನ್ನೂ ಅಮೆರಿಕ ಯುದ್ಧಕ್ಕೆ ಇಳಿದಿರಲಿಲ್ಲ, ಕಡ್ಡಾಯ ಸೇನಾ ಭರ್ತಿ ಮಾತ್ರ ಶುರುವಾಗಿತ್ತು. ಮರುವರ್ಷ ಬಂದ ಸೇಬಿನ ಮರದ ಹಾಡಿನಲ್ಲಿ, ನಾನು ಬರೋವರೆಗೂ ಬೇರೆಯವರ ಜೊತೆ ಅಲ್ಲಿ ಕೂರಬೇಡ ಅನ್ನೋ ತಮಾಷೆ. ಕೇಳ್ತಾ ಇದ್ದವರಲ್ಲಿ ಎಷ್ಟೋ ಹುಡುಗರು ವಾಪಸ್ ಬರಲೇ ಇಲ್ಲ. ಅದಕ್ಕೇ ಇರಬೇಕು, ಈ ಕುಣಿಸುವ ಹಾಡುಗಳು ನನಗೆ ಪೂರ್ತಿ ಖುಷಿಯವು ಅನಿಸಲೇ ಇಲ್ಲ.

1945ರ ಆಗಸ್ಟ್. ಇಟಲಿಯ ನೇಪಲ್ಸ್‌ನಲ್ಲಿ ಸಾವಿರಾರು ಸೈನಿಕರ ಮುಂದೆ ಇವರ ಕಾರ್ಯಕ್ರಮ. ಯುರೋಪಿನ ಯುದ್ಧ ಮುಗಿದಿದ್ದರೂ ಆ ಹುಡುಗರಿಗೆ ಮನೆಯಿಲ್ಲ, ಪೆಸಿಫಿಕ್‌ಗೆ ಹಡಗು ಹತ್ತಬೇಕು. ನಡುವೆ ಯಾರೋ ಒಂದು ಚೀಟಿ ತಂದುಕೊಟ್ಟರು. ಪ್ಯಾಟಿ ಓದಿದಳು: ಜಪಾನ್ ಜೊತೆಗಿನ ಯುದ್ಧ ಮುಗಿದಿದೆ. ಸಭೆ ಸ್ತಬ್ಧ. ಯಾರೂ ನಂಬಲಿಲ್ಲ. ಇದು ನಿಜ ಅಂತ ಅವಳು ಮತ್ತೆ ಹೇಳಬೇಕಾಯ್ತು. ಆಮೇಲೆ ಎದ್ದ ಕೂಗನ್ನು ಅವಳು ಮುಪ್ಪಿನವರೆಗೂ ನೆನೆಸಿಕೊಳ್ತಿದ್ದಳು.

ಇಷ್ಟು ಹತ್ತಿರದ ದನಿಗಳು ಮುಂದೆ ದೂರವಾದವು. 1950ರ ದಶಕದಲ್ಲಿ ಪ್ಯಾಟಿ ಒಂಟಿಯಾಗಿ ಹಾಡಲು ಹೊರಟಳು, ಕೆಲ ವರ್ಷ ಬಿಟ್ಟು ಮತ್ತೆ ಸೇರಿದರು. 1967ರಲ್ಲಿ ಲವರ್ನ್ ತೀರಿಕೊಂಡಳು, ತಳದ ಸ್ವರ ಹೋಯ್ತು. ಉಳಿದಿಬ್ಬರು 1974ರಲ್ಲಿ ಬ್ರಾಡ್‌ವೇಯಲ್ಲಿ ‘ಓವರ್ ಹಿಯರ್!’ ಸಂಗೀತನಾಟಕದಲ್ಲಿ ಜೊತೆಯಾದರು. ಅದು ನಿಂತ ಮೇಲೆ ಅಕ್ಕತಂಗಿಯರ ನಡುವೆ ಮಾತುಕತೆ ಅಷ್ಟಕ್ಕಷ್ಟೇ. 1995ರಲ್ಲಿ ಮ್ಯಾಕ್ಸೀನ್ ಹೋದಳು. ಪ್ಯಾಟಿ 2013ರವರೆಗೂ ಬದುಕಿದ್ದಳು.

ಒಡಹುಟ್ಟಿದವರು ಮಾತು ಬಿಡೋದು ನಮ್ಮ ಮನೆಗಳಲ್ಲೂ ಹೊಸದಲ್ಲ ಬಿಡಿ, ಕಾರಣ ಹೆಚ್ಚಾಗಿ ಸೈಟು. ಆದರೆ ಈ ಇಬ್ಬರ ದನಿಗಳನ್ನು ರೆಕಾರ್ಡ್‌ನಲ್ಲಿ ಬಿಡಿಸೋಕೆ ಆಗಲ್ಲ.

ನಾನು ಅಲ್ಲೇ ನೀರಿನ ಪಕ್ಕದ ಬೆಂಚಿನಲ್ಲಿ ಕೂತು ಪ್ರಯತ್ನಪಟ್ಟೆ. ‘ಬೈ ಮಿರ್’ ಹಾಕಿ, ಲವರ್ನ್ ದನಿಯೊಂದನ್ನೇ ಹಿಡಿದು ಹೋಗೋಣ ಅಂತ. ಎರಡು ಸಾಲು ಸಿಗುತ್ತೆ, ಮೂರನೆಯದರಲ್ಲಿ ಕರಗಿಹೋಗುತ್ತೆ. ನಾಲ್ಕು ಸಲ ಹಾಕಿದೆ. ಅಷ್ಟರಲ್ಲಿ ಫೋನಿನ ಚಾರ್ಜ್ ಮುಗೀತು.