ರನ್ ಪದದ ಹಿಂದೆ ಓಡಿ...

ಕಳೆದ ತಿಂಗಳು ಆಫೀಸಿನಲ್ಲಿ ನನಗೊಂದು ಹೊಸ ಕೆಲಸ ಗಂಟುಬಿತ್ತು. ನಮ್ಮ ತಂತ್ರಾಂಶವನ್ನು ನಾಲ್ಕು ಭಾರತೀಯ ಭಾಷೆಗಳಿಗೆ ತರಬೇಕು ಅಂತ ಮೇಲಿನವರು ತೀರ್ಮಾನಿಸಿದ್ದರು. ಟೀಮಿನಲ್ಲಿ ಕನ್ನಡ ಓದಲು ಬರುವವನು ನಾನೊಬ್ಬನೇ. ಹಾಗಾಗಿ ಯಂತ್ರ ಅನುವಾದಿಸಿದ ಸಾಲುಗಳನ್ನು ತಿದ್ದುವ ಭಾಗ್ಯ ನನ್ನದಾಯಿತು. ಎಕ್ಸೆಲ್ ಹಾಳೆ ತೆರೆದರೆ ಎರಡನೇ ಸಾಲಿನಲ್ಲೇ, ಹಸಿರು ಬಟನ್ ಮೇಲೆ ಬರಬೇಕಾದ ಪದ: "ಓಡು"! ಇಂಗ್ಲೀಷಿನಲ್ಲಿ ಅದು "ರನ್". ಪ್ರೋಗ್ರಾಮ್ ರನ್ ಮಾಡುವ ಬಟನ್. ಅದನ್ನು ನೋಡಿದ ಕನ್ನಡಿಗ ಏನಂದುಕೊಳ್ಳಬೇಕು? ಕಂಪ್ಯೂಟರಿಗೆ ಬೆಂಕಿ ಬಿದ್ದಿದೆ, ಎದ್ದು ಓಡು ಅಂತಲೇ? :-)

ಕೆಳಗೆ ಹೋದಂತೆ ಇನ್ನೂ ಮಜಾ. ಮೆಮೊರಿ ಖಾಲಿಯಾದಾಗ ಬರುವ ಸಂದೇಶದಲ್ಲಿ ಕಂಪ್ಯೂಟರು "ನೆನಪಿನಿಂದ ಹೊರಗೆ ಓಡಿ" ಹೋಗಿತ್ತು. ಹಿಂದಿನ ಸಲ ರನ್ ಮಾಡಿದ್ದು ಫೇಲ್ ಆಗಿದೆ ಅನ್ನುವ ಕಡೆ "ಕೊನೆಯ ಓಟ ಸೋತಿದೆ" ಅಂತ ಇತ್ತು, ಥೇಟ್ ಕುದುರೆ ರೇಸಿನ ಸುದ್ದಿ.

ಬಟನ್ನಿಗೆ ಕೊನೆಗೆ "ಚಲಾಯಿಸು" ಅಂತ ಹಾಕಿದೆ. ತೃಪ್ತಿಯೇನೂ ಇಲ್ಲ. ಚಲಾಯಿಸು ಅಂದರೆ ನನಗೆ ಲಾರಿ ನೆನಪಾಗುತ್ತೆ, ಮತ ನೆನಪಾಗುತ್ತೆ, ಅಧಿಕಾರ ನೆನಪಾಗುತ್ತೆ. ನಿಜ ಹೇಳಬೇಕೆಂದರೆ ಕನ್ನಡದಲ್ಲಿ ಮಾತಾಡುವ ಇಂಜಿನಿಯರುಗಳು "ಒಂದ್ಸಲ ರನ್ ಮಾಡಿ ನೋಡೋ" ಅಂತಾರೆ, ಅಷ್ಟೇ.

ಆವತ್ತು ರಾತ್ರಿ ಕುತೂಹಲಕ್ಕೆ ಹುಡುಕುತ್ತಾ ಹೋದೆ. ಆಕ್ಸ್‌ಫರ್ಡ್ ಇಂಗ್ಲೀಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಅತಿ ಹೆಚ್ಚು ಜಾಗ ಹಿಡಿದಿದ್ದ ಪದ "ಸೆಟ್" ಅಂತೆ. ಅದೊಂದಕ್ಕೇ ಸುಮಾರು 60,000 ಪದಗಳ ವಿವರಣೆ. ಆಮೇಲೆ ನಿಘಂಟನ್ನು ಪರಿಷ್ಕರಿಸುವಾಗ ಸೆಟ್ಟನ್ನು ಹಿಂದೆ ಹಾಕಿದ್ದು ನಮ್ಮ ಈ ರನ್. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳು ಅಂತ 2011ರಲ್ಲಿ ಸೈಮನ್ ವಿಂಚೆಸ್ಟರ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದಿದ್ದಾರೆ. ಅದನ್ನು ವಿಂಗಡಿಸಿದವರು ಪೀಟರ್ ಗಿಲ್ಲಿವರ್ ಎಂಬ ಸಂಪಾದಕರು. ಈ ಒಂದು ಪದಕ್ಕೆ ಅವರಿಗೆ ಹಿಡಿದದ್ದು ಒಂಬತ್ತು ತಿಂಗಳು! ನಾನು ಮೂರು ಅಕ್ಷರದ ಬಟನ್ನಿಗೆ ಅರ್ಧ ದಿನ ತಗೊಂಡೆ ಅಂತ ಮ್ಯಾನೇಜರು ಮುಖ ಸಿಂಡರಿಸಿದ್ದರು. ಈ ವಿಷಯ ಅವರಿಗೆ ಕಳಿಸಬೇಕು.

ಇಷ್ಟೊಂದು ಅರ್ಥ ಬೆಳೆಯಲು ಯಂತ್ರಗಳ ಪಾಲೂ ದೊಡ್ಡದು. ಮೊದಲು ಕಾಲಿದ್ದವು ಓಡುತ್ತಿದ್ದವು. ಆಮೇಲೆ ಗಡಿಯಾರ, ರೈಲು, ಮೋಟಾರು ಬಂದವು, ಎಲ್ಲವೂ ರನ್. ಕೊನೆಗೆ ಕಣ್ಣಿಗೇ ಕಾಣದ ಪ್ರೋಗ್ರಾಮು ಕೂಡ. ಲಿನಕ್ಸ್ ಬಳಸುವವರಿಗೆ "ಬ್ಯಾಶ್ ಆರ್ಸಿ" ಎಂಬ ಕಡತ ಗೊತ್ತಿರುತ್ತೆ. ಆ ಆರ್ಸಿ ಎಂದರೆ "ರನ್ ಕಮ್ಯಾಂಡ್ಸ್". 1960ರ ದಶಕದಲ್ಲಿ ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿದ್ದ "ರನ್‌ಕಾಮ್" ಅನ್ನುವುದರ ಪಳೆಯುಳಿಕೆ. ಇನ್ನು ಕ್ರಿಕೆಟ್ಟಿನಲ್ಲಂತೂ ಚೆಂಡು ಬೌಂಡರಿ ದಾಟಿದರೆ ಸಾಕು, ಬ್ಯಾಟ್ಸ್‌ಮನ್ ನಿಂತಲ್ಲೇ ನಿಂತು ನಾಲ್ಕು ರನ್ ಮಾಡುತ್ತಾನೆ.

ಕನ್ನಡ ಈ ಕೆಲಸವನ್ನು ಒಬ್ಬರ ತಲೆ ಮೇಲೆ ಹೇರಿಲ್ಲ, ಹತ್ತಾರು ಜನಕ್ಕೆ ಹಂಚಿಬಿಟ್ಟಿದೆ. ನದಿ ಹರಿಯುತ್ತೆ. ಮೂಗು ಸೋರುತ್ತೆ. ಹೊಸ ಬಟ್ಟೆ ಬಣ್ಣ ಬಿಡುತ್ತೆ. ಮನೆಯಲ್ಲಿ ಸಕ್ಕರೆ ಮುಗಿಯುತ್ತೆ. ಇಂಗ್ಲೀಷಿನಲ್ಲಿ ಇಷ್ಟಕ್ಕೂ ರನ್ನೇ ಗತಿ. ಅಮೆರಿಕದವರು ಚುನಾವಣೆಗೆ ಓಡುತ್ತಾರೆ, ಬ್ರಿಟನ್ನಿನವರು ನಿಲ್ಲುತ್ತಾರೆ, ನಮ್ಮವರೂ ನಿಲ್ಲುತ್ತಾರೆ. ಗೆದ್ದ ಮೇಲೆ ಎಲ್ಲಿಗೆ ಓಡುತ್ತಾರೆ ಅನ್ನೋದು ಬೇರೆ ಮಾತು. ನಮ್ಮ ಓಡುವುದಕ್ಕೂ ಒಂದಷ್ಟು ಅರ್ಥ ಇದೆ ಅನ್ನಿ. ಬಸ್ಸು ಓಡುತ್ತೆ, ಸಿನಿಮಾ ನೂರು ದಿನ ಓಡುತ್ತೆ, ಪರೀಕ್ಷೆಯ ದಿನ ತಲೆ ಓಡಲ್ಲ. ಆದರೆ ಬದುಕಿಗೆ ಸಂಬಂಧಪಟ್ಟ ದೊಡ್ಡ ವಿಷಯ ಬಂದಾಗ ಕನ್ನಡ ಓಟ ಬಿಟ್ಟು ನಡಿಗೆಗೆ ಇಳಿಯುತ್ತೆ. ಅಂಗಡಿ ನಡೆಯುತ್ತೆ, ಶಾಲೆ ನಡೆಯುತ್ತೆ, ಸಂಸಾರ ನಡೆಯುತ್ತೆ.

ಈ ವ್ಯತ್ಯಾಸ ನನಗೆ ತಿಳಿದದ್ದು ನಿಘಂಟಿನಿಂದ ಅಲ್ಲ, ತಾತನಿಂದ. ತಾತ ಅಂದರೆ ಅಮ್ಮನ ಅಪ್ಪ. ತಿಪಟೂರಿನ ಕಡೆ ಒಂದು ಊರಿನಲ್ಲಿ ಹಿಟ್ಟಿನ ಮಿಷನ್ ಇಟ್ಟಿದ್ದರು. ರಾಗಿ, ಅಕ್ಕಿ, ಯುಗಾದಿ ಹತ್ತಿರ ಬಂದರೆ ಒಣಮೆಣಸಿನಕಾಯಿ. ಬೇಸಿಗೆ ರಜೆಯಲ್ಲಿ ನಾನು ಅಲ್ಲೇ ಬಿದ್ದಿರುತ್ತಿದ್ದೆ. ತಾತನ ಹುಬ್ಬು, ಕಿವಿಯ ಕೂದಲು ಎಲ್ಲ ಹಿಟ್ಟು. ತಲೆ ಮೇಲೆ ರಾಗಿ ಡಬ್ಬ ಹೊತ್ತು ಬಂದ ಹೆಂಗಸರು ದೂರದಿಂದಲೇ ಕೇಳುತ್ತಿದ್ದರು, "ಮಿಷನ್ ಓಡ್ತೈತಾ?" ಅಂದರೆ ತ್ರೀ ಫೇಸ್ ಕರೆಂಟ್ ಬಂದಿದೆಯಾ ಅಂತ. ಮದುವೆ ಮನೆಯಲ್ಲಿ ಸಿಕ್ಕ ನೆಂಟರು ಕೇಳುತ್ತಿದ್ದದ್ದು, "ಮಿಷನ್ ಹೆಂಗೆ ನಡೀತೈತೆ?" ಇದು ಬೇರೆಯೇ ಪ್ರಶ್ನೆ. ಕರೆಂಟಿಲ್ಲದೆ ಮಿಷನ್ ಓಡದ ದಿನವೂ ತಾತ "ನಡೀತೈತೆ" ಅಂತಲೇ ಹೇಳುತ್ತಿದ್ದರು. ಇಂಗ್ಲೀಷಿನಲ್ಲಿ ಎರಡಕ್ಕೂ ಒಂದೇ ಪದ. ಮೋಟಾರ್ ರನ್ ಆಗುತ್ತೆ, ಮಿಲ್ಲನ್ನು ತಾತ ರನ್ ಮಾಡುತ್ತಾರೆ. ಕನ್ನಡದಲ್ಲಿ ತಾತ ಮಿಷನ್ನನ್ನು ನಡೆಸುತ್ತಿದ್ದರು, ಮಗುವನ್ನು ಬೆರಳು ಹಿಡಿದು ನಡೆಸಿದ ಹಾಗೆ.

ಮೂರು ವರ್ಷದ ಹಿಂದೆ ತಾತನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಆಗ ಅವರಿಗೆ ಎಂಬತ್ತಾರು. ನೋಡಿಕೊಳ್ಳುತ್ತಿದ್ದ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ, ಅಮ್ಮನಿಗೆ ಇಂಗ್ಲೀಷ್ ಬರಲ್ಲ. ನಡುವೆ ನಾನು ದುಭಾಷಿ. ಮೊದಲ ದಿನ ಅವರು "ವಿ ವಿಲ್ ರನ್ ಸಮ್ ಟೆಸ್ಟ್ಸ್" ಅಂದರು. "ಟೆಸ್ಟ್ ಮಾಡ್ತಾರಂತಮ್ಮ" ಅಂದೆ. ಮಾರನೇ ದಿನ "ಹಿ ಈಸ್ ರನ್ನಿಂಗ್ ಎ ಟೆಂಪರೇಚರ್". "ಜ್ವರ ಇದೆಯಂತೆ." ಇವೆಲ್ಲ ಸಲೀಸು.

ಆರನೇ ದಿನ ಸಂಜೆ ಡಾಕ್ಟರು ನನ್ನನ್ನು ವಾರ್ಡಿನ ಹೊರಗೆ ಕರೆದರು. ಒಳ್ಳೆಯ ಮನುಷ್ಯ. ಹೆಗಲ ಮೇಲೆ ಕೈ ಇಟ್ಟು, ತಾತನ ವಯಸ್ಸು ನೆನಪಿಸಿ, ಮೆಲ್ಲಗೆ "ಹಿ ಹ್ಯಾಸ್ ಹ್ಯಾಡ್ ಎ ಗುಡ್ ರನ್" ಅಂದರು. ಅಷ್ಟು ಹೇಳಿ ಮುಂದಿನ ಬೆಡ್ಡಿಗೆ ಹೋದರು. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಏನಂದ್ರೋ ಡಾಕ್ಟ್ರು?"

ಇಲ್ಲಿ ನಾನು ಅರ್ಥ ಆಗಲಿಲ್ಲ ಅಂತ ಬರೆದುಕೊಳ್ಳಬಹುದಿತ್ತು. ಆಗಿತ್ತು. ಗುಡ್ ರನ್ ಅಂದಾಗ ಓಟ ಚೆನ್ನಾಗಿತ್ತು ಅನ್ನುವುದಕ್ಕಿಂತ ಮುಗಿಯಿತು ಅನ್ನುವುದೇ ಮುಖ್ಯ. ಆದರೆ ಅಮ್ಮ ಐದು ರಾತ್ರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಳೆದಿದ್ದಳು. ಅವಳ ಮುಖ ನೋಡಿ ನನ್ನ ಬಾಯಿಂದ ಬಂದದ್ದು, "ಎಲ್ಲಾ ಚೆನ್ನಾಗೇ ನಡೀತಿದೆ ಅಂದ್ರಮ್ಮ."

ಪದಕ್ಕೆ ಪದ ಹಿಡಿದರೆ ಪೂರ್ತಿ ಸುಳ್ಳೂ ಅಲ್ಲವಲ್ಲ ಅಂತ ಆ ಕ್ಷಣದಲ್ಲೂ ತಲೆಯ ಒಂದು ಮೂಲೆ ಲೆಕ್ಕ ಹಾಕಿತ್ತು. ಅದೇ ನನಗೆ ಈಗಲೂ ಬೇಜಾರು.

ಅಮ್ಮನಿಗೆ ಎಷ್ಟು ಸಮಾಧಾನವಾಯಿತೆಂದರೆ, ಊರಿನಲ್ಲಿ ಅಜ್ಜಿ ಒಬ್ಬಳೇ ಇದಾಳೆ, ಒಂದು ರಾತ್ರಿ ಇದ್ದು ಬರ್ತೀನಿ ಅಂತ ಬ್ಯಾಗು ತಗೊಂಡು ಹೊರಟಳು. ಬಸ್ ಹತ್ತಿಸಿ ಬಂದವನು ನಾನೇ. ತಡೆಯಲು ದಾರಿಯಲ್ಲಿ ಎಷ್ಟು ಹೊತ್ತಿತ್ತು! ತಾತ ಬೆಳಗಿನ ಜಾವ ಹೋದರು. ಪಕ್ಕದಲ್ಲಿ ನಾನೊಬ್ಬನೇ ಇದ್ದೆ. ಅಮ್ಮನಿಗೆ ಫೋನ್ ಮಾಡಿದಾಗ ಅವಳು ಮೊದಲು ಕೇಳಿದ್ದು, "ಚೆನ್ನಾಗಿದೆ ಅಂದಿದ್ರಲ್ಲೋ?"

ತಿಥಿಯೆಲ್ಲ ಆದ ಮೇಲೆ ಪಕ್ಕದ ಊರಿನವರೊಬ್ಬರು ಮಿಷನ್ ಕೊಳ್ಳಲು ಬಂದರು. ಮೋಟಾರಿನ ಮೇಲಿನ ಧೂಳು ಒರೆಸಿ "ಓಡ್ತೈತಾ?" ಅಂದರು. ಅಮ್ಮ ಸ್ವಿಚ್ ಒತ್ತಿದಳು. ಬೆಲ್ಟು ಒಂದೆರಡು ಸಲ ಜಾರಿ ಆಮೇಲೆ ಹಿಡಿದುಕೊಂಡಿತು.

ಮೊನ್ನೆ ಕನ್ನಡದ ಆ ಸಾಲುಗಳನ್ನೆಲ್ಲ ಮುಗಿಸಿ ಕಳಿಸಿದೆ. 412 ಸಾಲು, ಅದರಲ್ಲಿ ರನ್ ಇದ್ದದ್ದು 37. ವಾರದ ಕೊನೆಗೆ ಊರಿಗೆ ಹೋಗಿದ್ದೆ. ಯಾರೋ ನೆಂಟರು ಬಂದಿದ್ದರು, ತಾತನ ಮಾತು ಬಂತು. ಅಮ್ಮ ಎಂದಿನ ಹಾಗೆ, "ಹಿಂದಿನ ಸಾಯಂಕಾಲ ಡಾಕ್ಟ್ರೇ ಚೆನ್ನಾಗಿದಾರೆ ಅಂದಿದ್ರು, ಇವನಿಗೇ ಹೇಳಿದ್ರು, ಏನೋ ದಿಢೀರಂತ ಆಗ್ಹೋಯ್ತು" ಅಂತ ಹೇಳುತ್ತಾ ನನ್ನ ಕಡೆ ನೋಡಿದಳು.

ನಾನು "ಹೂಂ" ಅಂದೆ.