ಕ್ರಿಸ್‌ಮಸ್‌ಗೂ ನಿಲ್ಲದ ಲೋಕಲ್

ಮುಂಬಯಿಗೆ ಹೊಸದಾಗಿ ಬಂದವರಿಗೆ ಇಲ್ಲಿನವರು ಕಲಿಸುವ ಮೊದಲ ಪಾಠ ಲೋಕಲ್ ರೈಲಿನದು. ಫಾಸ್ಟ್ ಯಾವುದು, ಸ್ಲೋ ಯಾವುದು, ದಾದರ್‌ನಲ್ಲಿ ಯಾವ ಸೇತುವೆ ಹತ್ತಬೇಕು, ಸಂಜೆ ಯಾವ ಗಾಡಿಯ ಗೊಡವೆಗೆ ಹೋಗಬಾರದು ಇತ್ಯಾದಿ. ಎರಡನೆಯ ಪಾಠ ಭಾನುವಾರದ್ದು. ಮನೆಯಿಂದ ಹೊರಡುವ ಮುನ್ನ ‘ಮೆಗಾ ಬ್ಲಾಕ್’ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಹಳಿ, ಸಿಗ್ನಲ್, ಮೇಲಿನ ವಿದ್ಯುತ್ ತಂತಿಗಳ ದುರಸ್ತಿಗಾಗಿ ಆ ದಿನ ನಾಲ್ಕೈದು ಗಂಟೆ ಒಂದು ಜೋಡಿ ಹಳಿಯನ್ನು ಬಿಡಿಸಿಕೊಳ್ಳುತ್ತಾರೆ. ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬರುತ್ತವೆ, ಕೆಲವು ರದ್ದಾಗುತ್ತವೆ. ಆದರೆ ಊರು ಪೂರ್ತಿ ನಿಲ್ಲುವುದಿಲ್ಲ.

ಎರಡು ವರ್ಷದ ಹಿಂದೆ ಡಿಸೆಂಬರ್‌ನ ಒಂದು ಮೀಟಿಂಗಿನಲ್ಲಿ ನಮ್ಮ ಲಂಡನ್ ಕ್ಲೈಂಟ್ ಕಡೆಯವರು, ರಜೆಯಲ್ಲಿ ಯಾರು ಸಪೋರ್ಟ್‌ಗೆ ಇರುತ್ತಾರೆ ಎಂಬ ಪಟ್ಟಿ ನೋಡುತ್ತಾ ನನ್ನನ್ನು ಕೇಳಿದರು: “25ಕ್ಕೆ ಆಫೀಸಿಗೆ ಬರಬೇಕಾದರೆ ಹೇಗೆ ಬರುತ್ತೀರಿ? ರೈಲು ಇರುವುದಿಲ್ಲವಲ್ಲ?” ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಬ್ರಿಟನ್ನಿನಲ್ಲಿ ಡಿಸೆಂಬರ್ 25ರಂದು ರೈಲು ಸಂಚಾರ ಬಹುತೇಕ ಪೂರ್ತಿ ನಿಲ್ಲುತ್ತದೆ, ಲಂಡನ್ನಿನ ಸುರಂಗ ರೈಲು ಸಹ. ಸಿಬ್ಬಂದಿ ಮನೆಯಲ್ಲಿರುತ್ತಾರೆ. ಖಾಲಿ ಬಿದ್ದ ಹಳಿಯ ಮೇಲೆ ವರ್ಷದ ದೊಡ್ಡ ದುರಸ್ತಿಗಳನ್ನು ಮುಗಿಸಿಕೊಳ್ಳುತ್ತಾರೆ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಮೇಂಟೆನೆನ್ಸ್ ವಿಂಡೋ. ಬಳಕೆದಾರರು ಕಡಿಮೆ ಇರುವಾಗ ಸರ್ವರ್ ಇಳಿಸಿ ಕೆಲಸ ಮಾಡಿದ ಹಾಗೆ.

ಮುಂಬಯಿಗೆ ಅಂಥ ಒಂದು ದಿನ ಇದೆಯೇ? ಇರಬೇಕೇ? ಡೊಂಬಿವಲಿಯಲ್ಲಿ ಹತ್ತು ವರ್ಷದಿಂದ ಇರುವ ನನಗೆ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಆ ವರ್ಷದ ಕ್ರಿಸ್‌ಮಸ್‌ಗೆ ಬಾಂದ್ರಾದಲ್ಲಿರುವ ಮಂಗಳೂರು ಮೂಲದ ಗೆಳೆಯನ ಮನೆಗೆ ಊಟಕ್ಕೆ ಹೊರಟಾಗ, ಈ ದಿನ ಗಾಡಿಯಲ್ಲಿ ಯಾರಿರುತ್ತಾರೆ ನೋಡೋಣ ಎಂದುಕೊಂಡೇ ಹತ್ತಿದೆ.

ಡೊಂಬಿವಲಿಯ ಪ್ಲಾಟ್‌ಫಾರಂನಲ್ಲಿ ಲ್ಯಾಪ್‌ಟಾಪ್ ಚೀಲದವರು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಆಸ್ಪತ್ರೆಯ ಆಯಾಗಳು, ಸೆಕ್ಯುರಿಟಿಯವರು, ಮಾಲ್‌ನಲ್ಲಿ ಕೆಲಸ ಮಾಡುವ ಹುಡುಗಿಯರು, ಹೊಸ ಬಟ್ಟೆ ತೊಟ್ಟು ಗೇಟ್‌ವೇ ನೋಡಲು ಹೊರಟ ಸಂಸಾರಗಳು. ಪಕ್ಕದಲ್ಲಿ ನಿಂತವರ ಫೋನಿನಲ್ಲಿ ಕುಂದಾಪುರದ ಮಾತು ಕೇಳಿ ಪರಿಚಯ ಮಾಡಿಕೊಂಡೆ. ಫೋರ್ಟ್ ಕಡೆಯ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷದಿಂದ ಕೆಲಸವಂತೆ. ಇವತ್ತು ರಜೆ ಇಲ್ಲವೇ ಎಂದೆ. “ರಜೆ ಇದ್ದವರೆಲ್ಲ ತಿನ್ನಲಿಕ್ಕೆ ಬರುವುದು ನಮ್ಮಲ್ಲಿಗೇ ಅಲ್ವಾ ಮಾರಾಯ್ರೆ? ನಮಗೆ ರಜೆ ಎಲ್ಲಿಂದ?” ಎಂದು ನಕ್ಕರು. ಭಾನುವಾರದ ಬ್ಲಾಕ್ ದಿನ ಒಂದು ಗಂಟೆ ಮೊದಲೇ ಮನೆ ಬಿಡುತ್ತಾರಂತೆ. ರಜೆಯ ದಿನ ಊರಿಗೆ ಬಿಡುವು ಎಂದು ನಾವು ಅಂದುಕೊಳ್ಳುತ್ತೇವೆ. ಅವರಿಗೆ ಅದೇ ಹೆಚ್ಚು ಕೆಲಸದ ದಿನ.

ದಾದರ್‌ನಲ್ಲಿ ಸೇತುವೆ ದಾಟಿ ಪಶ್ಚಿಮ ರೈಲ್ವೆಯ ಗಾಡಿ ಹಿಡಿದು ಬಾಂದ್ರಾ ತಲುಪಿದರೆ ಅಲ್ಲಿ ಬೇರೆಯೇ ಊರು. ಹಿಲ್ ರೋಡ್ ತುಂಬ ಕೆಂಪು ಟೋಪಿ, ರಣವಾರ್‌ನ ಹಳೆಯ ಮನೆಗಳ ಮುಂದೆ ನಕ್ಷತ್ರ, ಗೋದಲಿ. ಗೆಳೆಯನ ತಾಯಿ ನಮ್ಮನ್ನು ಕೂರಿಸಿ ಕುಸ್ವಾರ್‌ನ ತಟ್ಟೆ ಇಟ್ಟರು. ನೆವ್ರಿ, ಕಿಡಿಯೊ, ಚಕ್ಕುಲಿ, ಕೇಕು. ಒಳಗಿನ ಕೋಣೆಯಲ್ಲಿ ವಸಾಯಿಯಿಂದ ಬಂದ ಅವರ ತಂಗಿ ಇನ್ನೂ ಮಲಗಿದ್ದರು. ಹಿಂದಿನ ರಾತ್ರಿಯ ಪೂಜೆ ಮುಗಿಸಿ ಎಲ್ಲರೊಡನೆ ಮಾತಾಡಿ ಹೊರಡುವ ಹೊತ್ತಿಗೆ ಕೊನೆಯ ಗಾಡಿ ಹೋಗಿತ್ತಂತೆ. “ರಾತ್ರಿ ಒಂದರ ನಂತರ ಗಾಡಿ ಇಲ್ಲ, ಮತ್ತೆ ನಾಲ್ಕಕ್ಕೇ. ಇರು ಮಾರಾಯ್ತಿ ಅಂತ ಇಲ್ಲೇ ಉಳಿಸಿಕೊಂಡೆ” ಎಂದರು ತಾಯಿ.

ಮುಂಬಯಿಯ ದಿನದ ನಿಜವಾದ ಬಿಡುವು ಆ ಮೂರು ಗಂಟೆ ಮಾತ್ರ. ಮೂರು ಸಾವಿರಕ್ಕೂ ಹೆಚ್ಚು ಗಾಡಿ ಓಡಿ, 70 ಲಕ್ಷಕ್ಕೂ ಹೆಚ್ಚು ಜನರನ್ನು ಹೊತ್ತ ಹಳಿಯನ್ನು ಆ ಕತ್ತಲೆಯಲ್ಲಿ ಗ್ಯಾಂಗಿನವರು ತಪಾಸಣೆ ಮಾಡುತ್ತಾರೆ. ಕೆಲವು ರಾತ್ರಿ ಅದನ್ನೂ ಬಿಟ್ಟುಕೊಡಬೇಕು. ಗಣೇಶ ವಿಸರ್ಜನೆಯಂದು, ಡಾ. ಅಂಬೇಡ್ಕರ್ ಮಹಾಪರಿನಿರ್ವಾಣ ದಿನವಾದ ಡಿಸೆಂಬರ್ 6ರ ಹಿಂದಿನ ರಾತ್ರಿ, ಹೊಸ ವರ್ಷದ ರಾತ್ರಿ ವಿಶೇಷ ಲೋಕಲ್‌ಗಳು ಓಡುತ್ತವೆ. 2017ರಲ್ಲಿ ದೇಶದ ಮೊದಲ ಎಸಿ ಲೋಕಲ್ ಬೊರಿವಲಿಯಿಂದ ಚರ್ಚ್‌ಗೇಟಿಗೆ ಹೊರಟದ್ದೂ ಡಿಸೆಂಬರ್ 25ರಂದೇ. ಲಂಡನ್ನಿನಲ್ಲಿ ರೈಲು ನಿಲ್ಲುವ ದಿನ ನಮ್ಮಲ್ಲಿ ಹೊಸ ರೈಲಿನ ಉದ್ಘಾಟನೆ!

ಊಟಕ್ಕೆ ಕುಳಿತಾಗ ಒಂದು ತಟ್ಟೆ ಮುಚ್ಚಿಟ್ಟಿದ್ದರು. ಗೆಳೆಯನ ಭಾವ ಮೋಟರ್‌ಮನ್. ನಾಲ್ಕೂವರೆಗೆ ಡ್ಯೂಟಿ ಮುಗಿಸಿ ಬಂದರು. ದೀಪಾವಳಿಗೆ ಅವರು ಜೊತೆಯವರೊಬ್ಬರ ಬದಲು ಗಾಡಿ ಓಡಿಸಿದ್ದರಂತೆ. ಕ್ರಿಸ್‌ಮಸ್‌ಗೆ ಅವರು ಇವರ ಬದಲು ಎಂಬುದು ಒಪ್ಪಂದ. ಆದರೆ ಹಿಂದಿನ ದಿನ ಆ ಜೊತೆಗಾರರಿಗೆ ಜ್ವರ. “ಏನು ಮಾಡುವುದು, ಗಾಡಿ ಹೋಗಬೇಕಲ್ಲ” ಎಂದು ಕೈ ತೊಳೆದು ಕುಳಿತರು. ಈ ದಿನ ರೈಲು ನಿಲ್ಲಿಸಿದರೆ ಹೇಗೆ ಎಂದು ಕೇಳಿದೆ. ಆಗ ತಾನೇ ಎದ್ದು ಬಂದಿದ್ದ ವಸಾಯಿಯ ಆಂಟಿಯತ್ತ ತೋರಿಸಿ, “ಇವರು ಹಬ್ಬಕ್ಕೆ ಬರುವುದು ಹೇಗೆ?” ಎಂದರು. ತುಸು ಹೊತ್ತು ಬಿಟ್ಟು, “ಆದರೆ ಬೆಳಿಗ್ಗೆ ಮಗಳು ಎದ್ದಾಗ ನಾನಿರಲಿಲ್ಲ” ಎಂದರು.

ಈ ಎರಡು ಮಾತುಗಳ ನಡುವೆಯೇ ಇಡೀ ಪ್ರಶ್ನೆ ಇದೆ. ರೈಲ್ವೆ ಕೆಲಸಗಾರರ ವಿಶ್ರಾಂತಿಯ ಮಾತು ಬಂದಾಗ ಕನ್ನಡಿಗರಾದ ನಮಗೆ ನೆನಪಾಗಬೇಕಾದವರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನ ಕ್ಯಾಥೊಲಿಕ್ ಮನೆಯ ಹುಡುಗ, ಪಾದ್ರಿಯಾಗಲು ಸೆಮಿನರಿ ಸೇರಿ, ಬಿಟ್ಟು, ಮುಂಬಯಿಗೆ ಬಂದು ಕಾರ್ಮಿಕ ನಾಯಕನಾದವರು. ಅವರ ಮುಂದಾಳತ್ವದಲ್ಲಿ 1974ರ ಮೇ 8ರಿಂದ 27ರವರೆಗೆ ನಡೆದ ಮುಷ್ಕರದಲ್ಲಿ ಸುಮಾರು 17 ಲಕ್ಷ ರೈಲ್ವೆ ನೌಕರರು ಭಾಗವಹಿಸಿದರು. ಬೋನಸ್ ಜೊತೆಗೆ ದಿನಕ್ಕೆ ಎಂಟು ಗಂಟೆಯ ಕೆಲಸವೂ ಬೇಡಿಕೆಯಾಗಿತ್ತು. ಸಾವಿರಾರು ಜನ ಜೈಲಿಗೆ ಹೋದರು, ಕೆಲಸ ಕಳೆದುಕೊಂಡರು. ರೈಲು ನಿಲ್ಲಿಸಿದ ಅದೇ ಮನುಷ್ಯ 1989ರಲ್ಲಿ ರೈಲ್ವೆ ಮಂತ್ರಿಯಾಗಿ, ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟು, ನಮ್ಮ ಕರಾವಳಿಯವರಿಗೆ ಊರಿನ ದಾರಿ ತೆರೆದರು.

ಡಿಸೆಂಬರ್‌ನಲ್ಲಿ ಆ ದಾರಿಯ ಪಾಡು ಓದುಗರಿಗೆ ಹೇಳಬೇಕಾಗಿಲ್ಲ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ. ಡಿಸೆಂಬರ್ 24ರ ಮತ್ಸ್ಯಗಂಧಕ್ಕೆ ಅಕ್ಟೋಬರ್ 25ರ ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂರಬೇಕು. ಆಮೇಲೆ ವೇಯ್ಟಿಂಗ್ ಲಿಸ್ಟ್, ಇಲ್ಲವೇ ಹಬ್ಬದ ದರದ ಬಸ್ಸು. ವಿಶೇಷ ರೈಲು ಬಿಡುತ್ತಾರೆ, ನಿಜ. ಆದರೆ ಕೊಂಕಣ ದಾರಿಯ ಹೆಚ್ಚಿನ ಭಾಗ ಇಂದಿಗೂ ಒಂಟಿ ಹಳಿ. ಎಷ್ಟು ಗಾಡಿ ಸೇರಿಸಿದರೂ ಎದುರಿನದಕ್ಕೆ ಕಾಯುತ್ತಾ ನಿಲ್ಲಬೇಕು. ಇಲ್ಲಿ ಹಬ್ಬಕ್ಕೆ ರೈಲು ನಿಲ್ಲಿಸುವ ಮಾತೆತ್ತಿದರೆ ಜನ ನಗುತ್ತಾರೆ.

ಹಾಗೆಂದು ಬ್ರಿಟಿಷರ ಪದ್ಧತಿಯಿಂದ ಕಲಿಯುವುದೇ ಇಲ್ಲವೆನ್ನಲಾರೆ. ಅಲ್ಲಿಯೂ ಎಡವಟ್ಟಾಗುತ್ತದೆ. 2014ರ ಡಿಸೆಂಬರ್ 27ರಂದು ಕೆಲಸ ಸಮಯಕ್ಕೆ ಮುಗಿಯದೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣ ಮುಚ್ಚಿತ್ತು. ಜನರನ್ನು ಫಿನ್ಸ್‌ಬರಿ ಪಾರ್ಕ್ ಎಂಬ ಸಣ್ಣ ಸ್ಟೇಷನ್ನಿಗೆ ಕಳಿಸಿ ದೊಡ್ಡ ಗದ್ದಲವಾಯಿತು. ಆದರೆ ದುರಸ್ತಿಗೂ ವಿಶ್ರಾಂತಿಗೂ ಸಮಯ ಬೇಕು, ಅದನ್ನು ಎಲ್ಲರಿಗೂ ತಿಂಗಳುಗಟ್ಟಲೆ ಮೊದಲೇ ಹೇಳಬೇಕು ಎಂಬುದನ್ನು ಅವರು ಒಪ್ಪಿಕೊಂಡಿದ್ದಾರೆ. ನಮ್ಮಲ್ಲೂ ಅದು ಆಗದ ಮಾತೇನಲ್ಲ. 2024ರ ಮೇ ಕೊನೆಯಲ್ಲಿ ಠಾಣೆಯ ಪ್ಲಾಟ್‌ಫಾರಂ ಅಗಲಿಸಲು 63 ಗಂಟೆಯ ಬ್ಲಾಕ್ ತೆಗೆದುಕೊಂಡರು. ನೂರಾರು ಲೋಕಲ್ ರದ್ದಾದವು, ನಾವೆಲ್ಲ ಮನೆಯಿಂದಲೇ ಕೆಲಸ ಮಾಡಿದೆವು. ಆ ಕುಂದಾಪುರದವರಂಥವರಿಗೆ ಆ ಸೌಲಭ್ಯ ಇರಲಿಲ್ಲ ಎನ್ನುವುದೂ ನಿಜವೇ.

ನನ್ನ ಮಟ್ಟಿಗೆ ಉತ್ತರ ಹೀಗಿದೆ. ಕ್ರಿಸ್‌ಮಸ್ ಇರಲಿ, ದೀಪಾವಳಿ ಇರಲಿ, ಈ ಊರಿನಲ್ಲಿ ರೈಲು ಓಡಲೇಬೇಕು. ಅದು ನಿಂತರೆ ಕಾರಿಲ್ಲದವರಿಗೆ ಹಬ್ಬವೂ ಇಲ್ಲ, ಆ ದಿನದ ಕೂಲಿಯೂ ಇಲ್ಲ. 2020ರ ಮಾರ್ಚ್‌ನಲ್ಲಿ ಲೋಕಲ್ ನಿಂತಾಗ ಅದನ್ನು ಕಂಡಿದ್ದೇವೆ. ಆದರೆ ವರ್ಷಾಂತ್ಯದ ವಾರದಲ್ಲಿ ಹಗಲಿನ ಬ್ಲಾಕ್ ಬೇಡ, ಮಧ್ಯರಾತ್ರಿ ಪೂಜೆಯ ನಂತರ ಹೊಸ ವರ್ಷದಂತೆಯೇ ಒಂದೆರಡು ವಿರಾರ್ ಗಾಡಿ ಬೇಕು, ಕೊಂಕಣದ ವಿಶೇಷ ರೈಲುಗಳ ಪಟ್ಟಿ ಬುಕಿಂಗ್ ತೆರೆಯುವ ಮೊದಲೇ ಬರಬೇಕು. ಹಬ್ಬದ ಡ್ಯೂಟಿಗೆ ಬದಲಿ ಸಿಬ್ಬಂದಿ ಸಾಕಷ್ಟು ಇರಬೇಕು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರ ಹಬ್ಬ ಹೋಗಬಾರದು. ನಮ್ಮ ಆಫೀಸುಗಳಲ್ಲಿ ಸಣ್ಣ ಸಿಸ್ಟಮ್‌ಗೂ ಎರಡನೆಯವರನ್ನು ಇಟ್ಟಿರುತ್ತೇವೆ. 70 ಲಕ್ಷ ಜನರನ್ನು ಹೊರುವ ವ್ಯವಸ್ಥೆಗೆ ಇದು ಹೆಚ್ಚಿನ ಬೇಡಿಕೆ ಎಂದು ನನಗನ್ನಿಸುವುದಿಲ್ಲ.