ಡಿಸ್ಚಾರ್ಜ್ ಆದ ಮೇಲೆ

ಮಾನಸಿಕ ಚಿಕಿತ್ಸೆ ಪಡೆದು ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲೇ ಆತ್ಮಹತ್ಯೆಯ ಅಪಾಯ ಹೆಚ್ಚು. ಕುಡಿತವೂ ಜೊತೆಗಿದ್ದರೆ ಇನ್ನೂ ಹೆಚ್ಚು. ನಮ್ಮ ಕಾಕಾ ಧಾರವಾಡದ ಡಿಮ್ಹಾನ್ಸ್‌ನಿಂದ ಅನಗವಾಡಿಗೆ ಬಂದಾಗ ಊರವರು ಮಾತ್ರ "ಆರಾಮಾಗ್ಯಾನ, ಇನ್ನೇನ್ ಚಿಂತಿಲ್ಲ" ಅಂದ್ರು.

ಚಿಗವ್ವ ಹಂಗ ಅನ್ನಲಿಲ್ಲ. ಬೆಳೆಗೆ ಹೊಡೆಯೋ ಔಷಧದ ಡಬ್ಬಿಗಳನ್ನೆಲ್ಲ ತನ್ನ ಅಣ್ಣನ ಮನೆಗೆ ಸಾಗಿಸಿ ಕೀಲಿ ಹಾಕಿಸಿದಳು. ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಹೊತ್ತೊತ್ತಿಗೆ ತಾನೇ ಕೊಟ್ಟಳು. (ನೆನಪು ಮಾಡಲು ನಾನೊಂದು ಆ್ಯಪ್ ಹಾಕಿಕೊಟ್ಟಿದ್ದೆ. ಅದನ್ನ ತೆರೆದೂ ನೋಡಲಿಲ್ಲ.)

ನನ್ನ ಪಾಲಿಗೆ ಬಂದದ್ದು ರಾತ್ರಿ ಒಂಬತ್ತರ ಫೋನು. ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತೆ ಅನ್ನೋದು ತಪ್ಪು, ನೇರವಾಗಿ ಕೇಳಿ ಅಂತ ಡಾಕ್ಟರು ಹೇಳಿದ್ದರು.

"ಕಾಕಾ, ಜೀವ ಕಳಕೋಬೇಕು ಅನಿಸ್ತೈತೇನ್ರಿ?"

ಬಹಳ ಹೊತ್ತು ಸುಮ್ಮನಿದ್ದರು. "ನಿನ್ನೆ ಅನಿಸಿತ್ತಪಾ. ಕುಡದಿದ್ದೆ."

ಬೈಯಲಿಲ್ಲ. ಬೈದಿದ್ದರೆ ಮರುದಿನ ಫೋನೇ ಎತ್ತುತ್ತಿರಲಿಲ್ಲ. ಆಗಲೇ ಟೆಲಿ ಮಾನಸ್‌ನ 14416ಕ್ಕೆ ಹಚ್ಚಿದ್ವಿ. 2022ರಲ್ಲಿ ಶುರುವಾದ ಉಚಿತ ಸಹಾಯವಾಣಿ ಅದು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ. ಆ ರಾತ್ರಿ ಚಿಗವ್ವ ಅವರನ್ನ ಒಬ್ಬರನ್ನೇ ಬಿಡಲಿಲ್ಲ. ಮುಂದಿನ ತಾರೀಖಿಗೆ ಕಾಯದೆ, ಮರುದಿನವೇ ಧಾರವಾಡಕ್ಕೆ ಕರಕೊಂಡು ಹೋದ್ವಿ.

ಈಗ ಎಂಟು ತಿಂಗಳು. ನಡುವೆ ಎರಡು ಸಲ ಕುಡಿದರು, ಎರಡೂ ಸಲ ತಾವೇ ಹೇಳಿದರು. ಡಬ್ಬಿಗಳು ಇನ್ನೂ ಚಿಗವ್ವನ ಅಣ್ಣನ ಮನೆಯಲ್ಲೇ ಇವೆ.